ಚೊಕ್ಕ ಬೆಳ್ಳಿ, ಖೊಟ್ಟಿ ಬೆಳ್ಳಿ

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನಾಡು, ನುಡಿ, ಶಿಕ್ಷಣಗಳನ್ನು ಕುರಿತು ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ ಬಗೆಯದು. ಬೆಳ್ಳಿಯ ನಾಣ್ಯ ಮತ್ತು ಗಟ್ಟಿಗಳಲ್ಲಿ ಚೊಕ್ಕದ್ದು ಯಾವುದು, ಖೊಟ್ಟಿ ಯಾವುದು ಎಂಬುದನ್ನು ಗುರುತಿಸುವ ಬಗೆಯನ್ನು ತಿಳಿಸಬೇಕೆಂದು ಶಾಲೆಯ ಆಡಳಿತ ಮಂಡಳಿಯವರು ಅಪೇಕ್ಷಿಸಿದ್ದಾರೆ. ನಾವು ಈ ಶಾಲೆಯ ಹಳೆಯ ವಿದ್ಯಾರ್ಥಿಗಳು. ನಮ್ಮಲ್ಲಿ ಕೆಲವರು ಬೆಳ್ಳಿ ಬಂಗಾರದ ಕಸುಬಿನ ಮನೆಗಳವರು, ಕೆಲವರು ವಿಜ್ಞಾನವನ್ನು ಕಲಿಸುವವರು. ಎರಡೂ ಕಡೆಯ ತಿಳಿವಳಿಕೆಯನ್ನು ಕೂಡಿಸಿ ಈ ಮಾತುಗಳನ್ನು ಸಿದ್ಧಪಡಿಸಿದ್ದೇವೆ.

ಶಾಲೆಯ ಹಬ್ಬದಲ್ಲಿ ಬೆಳ್ಳಿಯ ಮಾತೇಕೆ ಎಂದು ಕೆಲವರಿಗಾದರೂ ಅನಿಸಬಹುದು. ಸೊಲ್ಲಾಪುರ, ಅಕ್ಕಲಕೋಟ, ಜತ್ತಿನ ಈ ಸೀಮೆಯಲ್ಲಿ ಬೆಳ್ಳಿಯಿಲ್ಲದ ಮನೆ ವಿರಳ. ಕೂಸಿನ ಉಡದಾರದಿಂದ ಮೊದಲುಗೊಂಡು ಮದುಮಗಳ ಕಾಲುಂಗುರ, ಇಷ್ಟಲಿಂಗದ ಕರಡಿಗೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ನಾಣ್ಯ, ಅಜ್ಜಿಯರು ಗಂಟುಕಟ್ಟಿ ಪೆಟ್ಟಿಗೆಯ ತಳದಲ್ಲಿ ಇರಿಸಿದ ರಾಣಿ ಛಾಪಿನ ರೂಪಾಯಿಗಳವರೆಗೆ ಬೆಳ್ಳಿ ನಮ್ಮ ಬದುಕಿನೊಡನೆ ಬೆರೆತಿದೆ. ಬ್ಯಾಂಕಿನ ಬಾಗಿಲು ದೂರವಿದ್ದ ಕಾಲದಲ್ಲಿ ಒಕ್ಕಲುತನದ ಮನೆಗೆ ಅದೇ ಠೇವಣಿಯಾಗಿತ್ತು. ಬರ ಬಂದಾಗ, ಮಗಳ ಮದುವೆ ಕೂಡಿಬಂದಾಗ, ಮಗನ ಓದಿಗೆ ಹಣ ಕಟ್ಟಬೇಕಾದಾಗ ಹೊರಗೆ ಬರುವುದು ಅದೇ ಗಂಟು. ಇಂದು ಬೆಳ್ಳಿಯ ಬೆಲೆ ಏರಿದಂತೆಲ್ಲ ಖೊಟ್ಟಿ ಮಾಲೂ ಏರುತ್ತಿದೆ.

ಇಲ್ಲಿ ನಷ್ಟವಾಗುವುದು ಎರಡು ಬಗೆಯಲ್ಲಿ ಎಂಬುದನ್ನು ಮೊದಲಿಗೆ ಹೇಳಬಯಸುತ್ತೇವೆ. ಖೊಟ್ಟಿಯನ್ನು ಚೊಕ್ಕವೆಂದು ಕೊಂಡವನು ಮೋಸಹೋಗುತ್ತಾನೆ. ಚೊಕ್ಕದ್ದನ್ನು ಖೊಟ್ಟಿಯೆಂದು ಯಾರೋ ಹೇಳಿದಾಗ ನಂಬಿ, ಅರ್ಧ ಬೆಲೆಗೆ ಕೊಟ್ಟುಬರುವವನೂ ಅಷ್ಟೇ ಮೋಸಹೋಗುತ್ತಾನೆ. ಎರಡನೆಯ ನಷ್ಟ ಹೆಚ್ಚಾಗಿ ಬಡವರದು, ಅವಸರದಲ್ಲಿ ಇರುವವರದು. ಆದ್ದರಿಂದ ಖೊಟ್ಟಿಯನ್ನು ಅರಿಯುವುದಕ್ಕೆ ಮುಂಚೆ ನಿಜವಾದ ನಾಣ್ಯವನ್ನು ಚೆನ್ನಾಗಿ ಅರಿಯಬೇಕು. ಖೊಟ್ಟಿಯಲ್ಲಿ ನೂರು ಬಗೆ ಇವೆ, ಅವನ್ನೆಲ್ಲ ಕಲಿತು ಮುಗಿಸಲಾಗದು. ನಿಜವಾದ ರೂಪಾಯಿಗೆ ಮಾತ್ರ ಗೊತ್ತಾದ ತೂಕ, ಗೊತ್ತಾದ ಅಗಲ, ಗೊತ್ತಾದ ಬೆರಕೆ ಇವೆ.

ನಿಜವಾದ ರೂಪಾಯಿ

ಬ್ರಿಟಿಷ್ ಆಳಿಕೆಯಲ್ಲಿ 1835ರಿಂದ ಏಕರೂಪದ ರೂಪಾಯಿ ಚಲಾವಣೆಗೆ ಬಂದಿತು. ಅದರ ತೂಕ 180 ಗ್ರೇನ್, ಎಂದರೆ ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ನಾವು ಒಂದು ತೊಲೆ ಎನ್ನುವುದೂ ಇದೇ ತೂಕವನ್ನು. ಈ ರೂಪಾಯಿಯಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಗಲ ಸುಮಾರು 30.5 ಮಿಲಿಮೀಟರ್. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ಮುಖಮುದ್ರೆಯ ರೂಪಾಯಿಗಳೆಲ್ಲ ಈ ಅಳತೆಗೆ ಸೇರಿದವು. ಒಂದೊಂದರಲ್ಲಿಯೂ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಇದೆ. ನಮ್ಮ ಶಾಲೆ ಹುಟ್ಟಿದ ಕಾಲದಲ್ಲಿ ಊರವರು ಎಣಿಸಿ ಕೊಡುತ್ತಿದ್ದ ಬೆಳ್ಳಿಯ ರೂಪಾಯಿ ಇದೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಯ ಅಭಾವವಾಯಿತು. 1940ರಿಂದ ಸರಕಾರವೇ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಶೇಕಡ 50 ಬೆಳ್ಳಿ, 40 ತಾಮ್ರ, ಉಳಿದ ಹತ್ತರಲ್ಲಿ ನಿಕ್ಕಲ್ ಮತ್ತು ಸತು. ನಕಲಿಯನ್ನು ತಡೆಯುವುದಕ್ಕಾಗಿ ಅದರ ಅಂಚಿನ ನಡುವೆ ಒಂದು ತೋಡು ತೆಗೆದು, ಅದರೊಳಗೆ ಸಣ್ಣ ವಿನ್ಯಾಸವನ್ನು ಒತ್ತಿದರು. ಆರನೆಯ ಜಾರ್ಜ್ ಮುದ್ರೆಯ 1940ರಿಂದ 1945ರವರೆಗಿನ ಈ ರೂಪಾಯಿಯಲ್ಲಿ ಸುಮಾರು 5.83 ಗ್ರಾಂ ಬೆಳ್ಳಿ ಮಾತ್ರ ಇದೆ. ಇದು ಖೊಟ್ಟಿಯಲ್ಲ, ಕಾಯಿದೆಯೇ ಒಪ್ಪಿದ ಬೆರಕೆ. 1947ರಲ್ಲಿ ಬಂದ ಹುಲಿಯ ಚಿತ್ರದ ರೂಪಾಯಿಯಂತೂ ಪೂರ್ತಿ ನಿಕ್ಕಲ್. ಅದು ನಿಜವಾದ ನಾಣ್ಯವೇ, ಆದರೆ ಅದರಲ್ಲಿ ಬೆಳ್ಳಿಯಿಲ್ಲ. ರಾಜನ ಮುಖವಿದೆ ಎಂಬ ಕಾರಣದಿಂದ ಅದನ್ನು ಬೆಳ್ಳಿಯ ಬೆಲೆಗೆ ಮಾರುವವರು ಇದ್ದಾರೆ.

ನಮ್ಮ ಭಾಗಕ್ಕೆ ಸಂಬಂಧಿಸಿದ ಇನ್ನೊಂದು ಮಾತನ್ನು ಇಲ್ಲಿ ಸೇರಿಸಬೇಕು. ಅಕ್ಕಲಕೋಟ ಸಂಸ್ಥಾನದ ಪಕ್ಕದ ಆಳಂದ ಸೀಮೆ ಹೈದರಾಬಾದ್ ನಿಜಾಮರ ಆಳಿಕೆಗೆ ಸೇರಿತ್ತು. ಅಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ಸುಮಾರು ಆರು ಇಂಗ್ರಜಿ ರೂಪಾಯಿಗೆ ಏಳು ಹಾಲಿ ರೂಪಾಯಿ ಎಂಬುದು ವಿನಿಮಯದ ಲೆಕ್ಕ. ಚಾರಮಿನಾರಿನ ಚಿತ್ರವುಳ್ಳ ಈ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ಶೇಕಡ 82ಕ್ಕೆ ಸಮೀಪ. ಗಡಿಭಾಗದ ಹಳೆಯ ಗಂಟುಗಳಲ್ಲಿ ಎರಡೂ ಬಗೆಯವು ಬೆರೆತಿರುವುದು ಸಹಜ. ಹಾಲಿ ರೂಪಾಯಿಯನ್ನು ತೊಲೆಯ ತೂಕಕ್ಕೆ ಹಿಡಿದು ನೋಡಿ, ತೂಕ ಬರಲಿಲ್ಲ, ಇದು ಖೊಟ್ಟಿ ಎಂದರೆ ಅದು ನಾಣ್ಯದ ದೋಷವಲ್ಲ, ನೋಡುವವನ ಅಜ್ಞಾನ, ಇಲ್ಲವೇ ಅವನ ಕಪಟ.

ಕಣ್ಣು, ಕೈ, ಕಿವಿ

ಟಂಕಸಾಲೆಯಲ್ಲಿ ನಾಣ್ಯವನ್ನು ಉಕ್ಕಿನ ಅಚ್ಚುಗಳ ನಡುವೆ ಭಾರಿ ಒತ್ತಡದಿಂದ ಒತ್ತುತ್ತಾರೆ. ಖೊಟ್ಟಿ ನಾಣ್ಯಗಳಲ್ಲಿ ಬಹಳಷ್ಟು ಎರಕ ಹೊಯ್ದವು. ಎರಕದ ನಾಣ್ಯದ ಮೇಲ್ಮೈಯಲ್ಲಿ ಗುಳ್ಳೆಯೊಡೆದಂಥ ಸಣ್ಣ ಕುಳಿಗಳು ಕಾಣುತ್ತವೆ, ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ರಾಣಿಯ ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡಂತೆ ತೋರುತ್ತವೆ. ನಾಣ್ಯದ ಸುತ್ತಂಚನ್ನು ನೋಡಲು ಮರೆಯಬಾರದು. ಹಳೆಯ ರೂಪಾಯಿಯ ಅಂಚಿನ ಗೀರುಗಳು ಸುತ್ತಲೂ ಒಂದೇ ಅಂತರದಲ್ಲಿ ಇರುತ್ತವೆ. ಎರಕದ ನಾಣ್ಯದಲ್ಲಿ ಎರಡು ಅಚ್ಚುಗಳು ಕೂಡಿದ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಅಲ್ಲಿಯೇ ಉಳಿದಿರುತ್ತದೆ. ಸವೆದ ನಾಣ್ಯದಲ್ಲಿ ಎದ್ದು ಕಾಣುವ ಭಾಗಗಳಲ್ಲಿ, ಎಂದರೆ ಕೆನ್ನೆ, ಕಿವಿ, ಹುಬ್ಬುಗಳಲ್ಲಿ, ಒಳಗಿನ ಲೋಹ ಹೊರಬಿದ್ದಿರುತ್ತದೆ. ಅಲ್ಲಿ ಕೆಂಪೋ ಹಳದಿಯೋ ಇಣುಕಿದರೆ ಮೇಲಿನದು ಬೆಳ್ಳಿಯ ಗಿಲೀಟು ಎಂದು ಸಂಶಯಪಡಬೇಕು.

ಇಸವಿಯನ್ನೂ ಮುದ್ರೆಯನ್ನೂ ಹೊಂದಿಸಿ ನೋಡಬೇಕು. 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಜೊತೆಗೆ ರಾಮನ ಪರಿವಾರದ ಅಥವಾ ಹನುಮಂತನ ಚಿತ್ರ, ಇವು ಮೂರೂ ಕೂಡಿರುವ ಬಿಲ್ಲೆಗಳು ಜಾತ್ರೆಗಳಲ್ಲಿ ಹೇರಳವಾಗಿವೆ. ಅವು ಎಂದೂ ಚಲಾವಣೆಯ ಹಣವಾಗಿರಲಿಲ್ಲ. ಪೂಜೆಗೆ ಇಟ್ಟುಕೊಳ್ಳುವವರ ಭಕ್ತಿಗೆ ನಮ್ಮ ಆಕ್ಷೇಪವಿಲ್ಲ. ಪುರಾತನ ನಾಣ್ಯವೆಂದು ಸಾವಿರಗಟ್ಟಲೆ ತೆರುವುದಕ್ಕೆ ಮಾತ್ರ ಆಕ್ಷೇಪವಿದೆ.

ಬೆಳ್ಳಿ ಕಪ್ಪಾಗಿದೆ, ಆದ್ದರಿಂದ ಖೊಟ್ಟಿ ಎಂಬ ನಂಬಿಕೆಯೊಂದಿದೆ. ಇದು ಸರಿಯಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ಕೂಡಿ ಬೆಳ್ಳಿ ತನ್ನ ಮೇಲೆ ಕಪ್ಪು ಪೊರೆಯನ್ನು ತಾನೇ ಬೆಳೆಸಿಕೊಳ್ಳುತ್ತದೆ. ವರುಷಗಟ್ಟಲೆ ಪೆಟ್ಟಿಗೆಯಲ್ಲಿ ಇದ್ದರೂ ಥಳಥಳಿಸುವ ನಾಣ್ಯವನ್ನೇ ಹೆಚ್ಚು ಎಚ್ಚರದಿಂದ ನೋಡುವುದು ಒಳ್ಳೆಯದು.

ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವೋ ನಿಕ್ಕಲ್ಲೋ ಇದೆ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಅದು ಬೆಳ್ಳಿಯಾಗುವುದಿಲ್ಲ. ತಾಮ್ರ, ಹಿತ್ತಾಳೆ, ಸೀಸಗಳೂ ಅಂಟುವುದಿಲ್ಲ. ತಾಮ್ರ, ನಿಕ್ಕಲ್, ಸತುಗಳ ಬೆರಕೆಯಾದ ಜರ್ಮನ್ ಸಿಲ್ವರ್ ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಗುಲಗಂಜಿಯಷ್ಟೂ ಬೆಳ್ಳಿಯಿಲ್ಲ ಎಂಬುದನ್ನು ತಾಯಂದಿರು ನೆನಪಿಡಬೇಕು.

ನಮ್ಮ ಹಿರಿಯರು ರೂಪಾಯಿಯನ್ನು ಕಲ್ಲಿನ ಮೇಲೆ ಬಡಿದು ಅದರ ದನಿಯನ್ನು ಕೇಳುತ್ತಿದ್ದರು. ಬೆಳ್ಳಿಯ ದನಿ ತೆಳ್ಳಗೆ, ಉದ್ದಕ್ಕೆ ಹೋಗುತ್ತದೆ. ಸೀಸದ ದನಿ ಬಿದ್ದಲ್ಲಿಯೇ ಸಾಯುತ್ತದೆ. ಪರೀಕ್ಷೆ ಒಳ್ಳೆಯದೇ, ಆದರೆ ಕಿವಿ ಪಳಗಿರಬೇಕು. ಬಿರುಕುಬಿಟ್ಟ ಅಥವಾ ಬೆಸುಗೆ ಹಾಕಿ ಸರಕ್ಕೆ ಪೋಣಿಸಿದ ನಿಜ ರೂಪಾಯಿಯೂ ಮಂಕಾಗಿ ನುಡಿಯುತ್ತದೆ. ನಿಜವೆಂದು ಗೊತ್ತಿರುವ ನಾಣ್ಯವೊಂದನ್ನು ಪಕ್ಕದಲ್ಲಿ ಇಟ್ಟುಕೊಂಡು, ಎರಡರ ದನಿಯನ್ನೂ ಹೋಲಿಸಿದರೆ ಮಾತ್ರ ಇದರಿಂದ ಪ್ರಯೋಜನ.

ನೀರಿನ ಪರೀಕ್ಷೆ

ಇಲ್ಲಿಯವರೆಗೆ ಹೇಳಿದ್ದು ಅನುಭವದ ಮಾತು. ಇನ್ನು ಮುಂದಿನದು ನಮ್ಮ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇರುವ ಪಾಠ. ಆರ್ಕಿಮಿಡೀಸನ ತತ್ತ್ವವನ್ನು ಇಲ್ಲಿ ಕುಳಿತ ಎಲ್ಲರೂ ಎಂದೋ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದನ್ನು ಮನೆಯಲ್ಲಿ ಬಳಸಿದವರು ಕಡಿಮೆ.

ಒಂದು ಘನ ಸೆಂಟಿಮೀಟರ್ ಬೆಳ್ಳಿಯ ತೂಕ 10.49 ಗ್ರಾಂ. ತಾಮ್ರದ್ದು 8.96, ಸತುವಿನದು 7.14, ತವರದ್ದು 7.3, ಸೀಸದ್ದು 11.34. ಹಗುರವಾದ ಲೋಹದಲ್ಲಿ ಖೊಟ್ಟಿ ರೂಪಾಯಿ ಮಾಡುವವನಿಗೆ ಎರಡೇ ದಾರಿಗಳಿವೆ. ಅಳತೆಯನ್ನು ಸರಿಮಾಡಿದರೆ ತೂಕ ಕಡಿಮೆಯಾಗುತ್ತದೆ. ತೂಕವನ್ನು ಸರಿಮಾಡಿದರೆ ನಾಣ್ಯ ದಪ್ಪವಾಗುತ್ತದೆ. ತೂಕವೂ ಗಾತ್ರವೂ ಒಟ್ಟಿಗೆ ಕೂಡಿಬರುವುದಿಲ್ಲ. ಈ ಗಾತ್ರವನ್ನು ಅಳೆಯಲು ನೀರು ನೆರವಾಗುತ್ತದೆ.

ಒಂದು ಗ್ರಾಮಿನ ನೂರನೆಯ ಪಾಲನ್ನು ತೋರಿಸುವ ಸಣ್ಣ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ತೂಗಿ ಬರೆದುಕೊಳ್ಳಿರಿ. ಆಮೇಲೆ ಅರ್ಧ ನೀರು ತುಂಬಿದ ಹಗುರವಾದ ಲೋಟವನ್ನು ತಕ್ಕಡಿಯ ಮೇಲೆ ಇಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿರಿ. ನಾಣ್ಯವನ್ನು ತೆಳುವಾದ ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿರಿ. ಅದು ತಳಕ್ಕೂ ಬದಿಗೂ ತಾಗಬಾರದು, ಗಾಳಿಯ ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲಿನ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

11.66 ಗ್ರಾಮಿನ ರಾಣಿ ರೂಪಾಯಿಯಾದರೆ ನೀರಿನಲ್ಲಿ ಸುಮಾರು 1.13 ತೋರಿಸುತ್ತದೆ, ಸಾಂದ್ರತೆ 10.3ರ ಆಸುಪಾಸು ಬರುತ್ತದೆ. ಯುದ್ಧಕಾಲದ ಅರ್ಧ ಬೆಳ್ಳಿಯ ರೂಪಾಯಿಯಾದರೆ ಸುಮಾರು 1.22, ಸಾಂದ್ರತೆ 9.5. ಅದೇ ತೂಕದ ತಾಮ್ರ–ನಿಕ್ಕಲ್ಲಿನ ಖೊಟ್ಟಿಯಾದರೆ 1.31, ಸಾಂದ್ರತೆ 8.9. ವಿಕ್ಟೋರಿಯಾ ರಾಣಿಯ ಮುಖವಿರುವ ನಾಣ್ಯ 1.3 ತೋರಿಸಿದರೆ ಮುಂದೆ ಮಾತನಾಡುವ ಅಗತ್ಯವೇ ಇಲ್ಲ. ಕೈ ಅಲುಗಿದರೆ ಅಂಕಿ ಬದಲಾಗುವುದರಿಂದ ಮೂರು ಸಲ ಮಾಡಿ ನೋಡಿರಿ.

ಈ ಪರೀಕ್ಷೆಯಲ್ಲಿ ಇನ್ನೊಂದು ಹಿರಿಮೆಯಿದೆ. ಹತ್ತಾರು ವರುಷ ಕೈಯಿಂದ ಕೈಗೆ ಹೋದ ರೂಪಾಯಿ ಸವೆದು 11.4 ಗ್ರಾಮಿಗೆ ಇಳಿದಿರಬಹುದು. ತೂಕವನ್ನಷ್ಟೇ ನೋಡುವವನು ಅದನ್ನು ಸಂಶಯಿಸುತ್ತಾನೆ. ಆದರೆ ಸವೆತದಿಂದ ಲೋಹ ಕಡಿಮೆಯಾಗುತ್ತದೆಯೇ ಹೊರತು ಲೋಹದ ಗುಣ ಬದಲಾಗುವುದಿಲ್ಲ. ಸವೆದ ರೂಪಾಯಿಯ ಸಾಂದ್ರತೆ ಹೊಸದರ ಸಾಂದ್ರತೆಯೇ. ಹಾಲಿ ಸಿಕ್ಕಾ ರೂಪಾಯಿಯೂ 10.2ರ ಸುಮಾರಿಗೆ ನಿಂತು ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯುತ್ತದೆ.

ಗಟ್ಟಿಗಳ ವಿಚಾರ

ಬೆಳ್ಳಿಯ ಗಟ್ಟಿಗೆ ರೂಪಾಯಿಯಂತೆ ಮುಖಮುದ್ರೆಯ ಆಸರೆಯಿಲ್ಲ. 100 ಗ್ರಾಮಿನ ಚೊಕ್ಕ ಗಟ್ಟಿ ನೀರಿನಲ್ಲಿ 9.53 ತೋರಿಸಬೇಕು, ಒಳಗೆ ತಾಮ್ರವಿದ್ದರೆ 11ರ ಮೇಲೆ ಹೋಗುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೀಸ ಬೆಳ್ಳಿಗಿಂತ ಭಾರ, ತವರ ಬೆಳ್ಳಿಗಿಂತ ಹಗುರ. ಇವೆರಡನ್ನೂ ಹದವಾಗಿ ಬೆರೆಸಿ ಬೆಳ್ಳಿಯ ಸಾಂದ್ರತೆಯನ್ನೇ ತರಬಹುದು. ನೀರಿನ ಪರೀಕ್ಷೆ ಅಂಥ ಗಟ್ಟಿಯನ್ನು ಹಿಡಿಯಲಾರದು. ಆದರೆ ಆ ಬೆರಕೆ ಬಲು ಮೆತ್ತಗಿರುತ್ತದೆ, ಬಡಿದರೆ ನುಡಿಯುವುದಿಲ್ಲ, ಶಾಖವನ್ನೂ ಬೆಳ್ಳಿಯಂತೆ ಹರಿಯಗೊಡುವುದಿಲ್ಲ. ಲೋಹಗಳಲ್ಲೆಲ್ಲ ಶಾಖವನ್ನು ಬೇಗನೆ ಹರಿಸುವುದು ಬೆಳ್ಳಿ. ಬೆಳ್ಳಿಯ ಗಟ್ಟಿಯ ಮೇಲೆ ಮಂಜುಗಡ್ಡೆಯ ಚೂರನ್ನು ಇಟ್ಟರೆ ಕಣ್ಣೆದುರಿಗೇ ಕರಗತೊಡಗುತ್ತದೆ. ತಾಮ್ರವೂ ಹೀಗೆಯೇ ಮಾಡುತ್ತದೆ, ಆದರೆ ತಾಮ್ರವನ್ನು ನೀರು ಆಗಲೇ ಹಿಡಿದಿರುತ್ತದೆ. ಹೀಗೆ ಒಂದು ಪರೀಕ್ಷೆಯ ಕಣ್ಣು ತಪ್ಪಿಸಿದ್ದು ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಒಂದನ್ನೇ ನಂಬಬಾರದು ಎಂದು ನಾವು ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಚಿನಿವಾರರ ಒರೆಗಲ್ಲು ಇಂದಿಗೂ ತನ್ನ ಬೆಲೆಯನ್ನು ಕಳೆದುಕೊಂಡಿಲ್ಲ. ಗುಣ ಗೊತ್ತಿರುವ ಬೆಳ್ಳಿಯ ಗೆರೆಯ ಪಕ್ಕದಲ್ಲಿ ಪರೀಕ್ಷಿಸಬೇಕಾದ ಬೆಳ್ಳಿಯ ಗೆರೆಯನ್ನು ಎಳೆದು ಬಣ್ಣವನ್ನು ಹೋಲಿಸುತ್ತಾರೆ. ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಡೈಕ್ರೋಮೇಟಿನ ದ್ರಾವಣವನ್ನು ತಾಗಿಸಿದರೆ ಒಳ್ಳೆಯ ಬೆಳ್ಳಿ ರಕ್ತಗೆಂಪು ಬಣ್ಣ ತಾಳುತ್ತದೆ. ಬರಿಯ ನೈಟ್ರಿಕ್ ಆಮ್ಲ ತಾಮ್ರದ ಮೇಲೆ ಹಸಿರಾಗಿ ನೊರೆಯುತ್ತದೆ. ಗಿಲೀಟಿನ ಮಾಲು ಮೇಲ್ಮೈಯಲ್ಲಿ ಚೊಕ್ಕವೆಂದೇ ತೋರುವುದರಿಂದ ಕಸುಬುದಾರರು ಮೂಲೆಯಲ್ಲಿ ಸ್ವಲ್ಪ ಅರ ಹಾಕಿ, ಒಳಗಿನ ಲೋಹವನ್ನು ಒರೆಗೆ ಹಚ್ಚುತ್ತಾರೆ. ಈ ಆಮ್ಲಗಳು ಚರ್ಮವನ್ನೂ ಕಣ್ಣನ್ನೂ ಸುಡುವಂಥವು, ಡೈಕ್ರೋಮೇಟ್ ವಿಷ. ಮನೆಯಲ್ಲಿ ಇದನ್ನು ಮಾಡಲೇಬಾರದು. ಬಲ್ಲವರ ಕೈಯಿಂದ, ನಿಮ್ಮ ಕಣ್ಣೆದುರಿಗೆ ಮಾಡಿಸಬೇಕು. ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಎಂದು ಕರೆಯುವ ಎಕ್ಸ್‌ರೇ ಯಂತ್ರವೂ ಮೇಲ್ಪದರವನ್ನು ಮಾತ್ರ ಓದುತ್ತದೆ. ದಪ್ಪನಾದ ಬೆಳ್ಳಿಯ ಹೊದಿಕೆಯ ಕೆಳಗೆ ಬೇರೆ ಲೋಹವಿದ್ದರೆ ಅದಕ್ಕೆ ಕಾಣುವುದಿಲ್ಲ. ದೊಡ್ಡ ಗಟ್ಟಿಯ ವಿಷಯದಲ್ಲಿ ಕತ್ತರಿಸಿ ನೋಡುವುದೇ ಖಚಿತವಾದ ದಾರಿ. ಚೊಕ್ಕ ಮಾಲಿನವನು ಅದಕ್ಕೆ ಅಂಜುವುದಿಲ್ಲ.

ಹೊಸದಾಗಿ ಕೊಳ್ಳುವವರು ಗಟ್ಟಿಯ ಮೇಲೆ ಮತ್ತು ಅದರ ಪ್ರಮಾಣಪತ್ರದ ಮೇಲೆ ಇರುವ ಸಂಖ್ಯೆಗಳು ಒಂದೇ ಎಂಬುದನ್ನು ನೋಡಬೇಕು, ಶೇಕಡ 3ರ ಜಿಎಸ್‌ಟಿ ಸಹಿತವಾದ ರಸೀದಿಯನ್ನು ಕೇಳಿ ಪಡೆಯಬೇಕು. ಆಭರಣಗಳಿಗೆ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಇದೆ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಯ ಹಾಲ್‌ಮಾರ್ಕಿನಲ್ಲಿಯೂ ಅಕ್ಷರ, ಅಂಕಿಗಳು ಕೂಡಿದ ಗುರುತು ಸಂಖ್ಯೆ ಬಂದಿದ್ದು, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ತಾಳೆ ನೋಡಬಹುದು.

ಮೋಸದ ರೀತಿ

ಲೋಹವನ್ನು ಅರಿತರೆ ಸಾಲದು, ಮನುಷ್ಯನ ಆಟವನ್ನೂ ಅರಿಯಬೇಕು. ಕಬ್ಬಿನ ಬಿಲ್ಲು ಬರುವ ಕಾಲದಲ್ಲಿ, ಹೊಲದ ಮಾರಾಟವಾದ ಹೊತ್ತಿನಲ್ಲಿ, ಹಳೆಯ ಮನೆಯ ಪಾಯ ತೋಡುವಾಗ ರೂಪಾಯಿಗಳ ಗಡಿಗೆ ಸಿಕ್ಕಿತು ಎಂದು ಹೇಳಿಕೊಂಡು ಬರುವವರು ಉಂಟು. ಪೇಟೆಯ ದರದ ಅರ್ಧಕ್ಕೆ ಕೊಡುತ್ತೇವೆ, ಯಾರಿಗೂ ಹೇಳಬೇಡಿ ಎನ್ನುತ್ತಾರೆ. ಮೊದಲು ಎರಡು ರೂಪಾಯಿ ಕೊಟ್ಟು, ಬೇಕಾದಲ್ಲಿ ತೋರಿಸಿಕೊಂಡು ಬನ್ನಿ ಎನ್ನುತ್ತಾರೆ. ಆ ಎರಡೂ ಚೊಕ್ಕವೇ ಇರುತ್ತವೆ. ಚಿನಿವಾರನೂ ಚೊಕ್ಕವೆನ್ನುತ್ತಾನೆ. ಆಮೇಲೆ ಕತ್ತಲಲ್ಲಿ ಕೈಸೇರುವ ಚೀಲದಲ್ಲಿ ಬೆಳ್ಳಿಯೇ ಇರುವುದಿಲ್ಲ. ಇಲ್ಲಿ ಪರೀಕ್ಷೆ ತಪ್ಪಿಲ್ಲ. ಪರೀಕ್ಷಿಸಿದ್ದು ಒಂದು, ಕೊಂಡದ್ದು ಇನ್ನೊಂದು. ಚೀಲದಿಂದ ನಾವೇ ಆರಿಸಿ ತೆಗೆದ ನಾಣ್ಯವನ್ನು ಪರೀಕ್ಷಿಸಬೇಕು, ಪರೀಕ್ಷಿಸಿದ ಚೀಲವನ್ನು ಕಣ್ಣಿನಿಂದ ಮರೆಯಾಗಗೊಡಬಾರದು.

ಇನ್ನೊಂದು ಮಾತು. 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗೂ ಮೀರಿದ ಬೆಲೆಯ ಹೂತ ನಿಧಿ ಸಿಕ್ಕವನು ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಹಾಗಿರುವಾಗ ಗುಟ್ಟಾಗಿ ಮಾರಲು ಬಂದವನು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಕಾಯಿದೆಯನ್ನು ಮುರಿಯುತ್ತಿರಬೇಕು. ಎರಡರಲ್ಲಿ ಯಾವುದಾದರೂ ನಮಗೆ ಅಲ್ಲಿ ಕೆಲಸವಿಲ್ಲ.

ಮಾರುವವರಿಗೂ ಒಂದು ಸೂಚನೆ. ಗಂಟನ್ನು ಪೇಟೆಗೆ ಒಯ್ಯುವ ಮುನ್ನ ಮನೆಯಲ್ಲಿಯೇ ಬಿಚ್ಚಿ, 1939ರವರೆಗಿನವು, 1940ರಿಂದ 1945ರವರೆಗಿನವು, ಹಾಲಿ ಸಿಕ್ಕಾ, 1947ರ ನಿಕ್ಕಲ್ ಎಂದು ಬೇರೆ ಬೇರೆಯಾಗಿ ಎಣಿಸಿ ಬರೆದುಕೊಳ್ಳಿರಿ. ಮೊದಲನೆಯ ಗುಂಪಿನ ಹತ್ತು ರೂಪಾಯಿಗಳಲ್ಲಿ ಹೊಸದಿದ್ದಾಗ ಸುಮಾರು 107 ಗ್ರಾಂ ಬೆಳ್ಳಿ ಇರುತ್ತದೆ, ಎರಡನೆಯ ಗುಂಪಿನ ಹತ್ತರಲ್ಲಿ 58 ಗ್ರಾಂ. ಎಲ್ಲವನ್ನೂ ಒಂದೇ ತಕ್ಕಡಿಗೆ ಸುರಿದು ಎಲ್ಲವೂ ಅರ್ಧ ಬೆಳ್ಳಿಯವು ಎಂದವನಿಗೆ ಈ ಚೀಟಿಯೇ ಉತ್ತರ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿರಿ. ಕೆಲವು ಇಸವಿಗಳ ನಾಣ್ಯಗಳಿಗೆ ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುವುದುಂಟು, ತಿಕ್ಕಿದರೆ ಆ ಬೆಲೆ ಹೋಗುತ್ತದೆ.

ಶಾಲೆಯ ಪಾಲು

ಮಹನೀಯರೇ, ಗಡಿಯ ಈಚೆಗೆ ಕನ್ನಡದಲ್ಲಿ ಕಲಿತು ಏನು ಬಂತು ಎಂಬ ಪ್ರಶ್ನೆಯನ್ನು ನಮ್ಮ ಪಾಲಕರು ಹಲವರಿಂದ ಕೇಳುತ್ತಿರುತ್ತಾರೆ. ನಮ್ಮ ಪೇಟೆಯ ವ್ಯವಹಾರ ಮರಾಠಿಯಲ್ಲಿ, ಹಿಂದಿಯಲ್ಲಿ ನಡೆಯುತ್ತದೆ, ಕಾಗದಪತ್ರ ಇಂಗ್ರಜಿಯಲ್ಲಿ ಇರುತ್ತವೆ. ಅವನ್ನೆಲ್ಲ ನಮ್ಮ ಮಕ್ಕಳು ಕಲಿಯಬೇಕು, ಕಲಿಯುತ್ತಲೂ ಇದ್ದಾರೆ. ಆದರೆ ಗಂಟು ಇರುವುದು ಅಜ್ಜಿಯ ಕೈಯಲ್ಲಿ, ಅಜ್ಜಿಯ ಮಾತು ಕನ್ನಡ. ಸಾಂದ್ರತೆ ಎಂದರೇನು, ಸವೆದ ರೂಪಾಯಿ ಏಕೆ ಖೊಟ್ಟಿಯಲ್ಲ ಎಂಬುದನ್ನು ಅವರ ಮುಂದೆ ಲೋಟದಲ್ಲಿ ನೀರಿಟ್ಟು, ಅವರ ಮಾತಿನಲ್ಲಿಯೇ ತಿಳಿಸಬಲ್ಲ ಮೊಮ್ಮಗಳು ಆ ಮನೆಯ ಉಳಿತಾಯವನ್ನು ಕಾಯಬಲ್ಲಳು. ಪುಸ್ತಕದ ಕನ್ನಡವೂ ಮನೆಯ ಕನ್ನಡವೂ ಅಲ್ಲಿ ಒಂದಾಗುತ್ತವೆ. ನೂರು ವರುಷ ಈ ಶಾಲೆ ಮಾಡುತ್ತ ಬಂದ ಕೆಲಸ ಇಂಥದೇ.

ನಮ್ಮ ನುಡಿಯಲ್ಲಿ ನಾಣ್ಯವೆಂದರೆ ಹಣ ಮಾತ್ರವಲ್ಲ, ಗುಣವೂ ಹೌದು. ಕೊಟ್ಟ ಮಾತಿಗೆ ತಪ್ಪದವನನ್ನು ನಾಣ್ಯಸ್ಥನೆನ್ನುತ್ತೇವೆ, ಒಳ್ಳೆಯ ಸರಕನ್ನು ನಾಣ್ಯವಾದ ಸರಕೆನ್ನುತ್ತೇವೆ. ಮಕ್ಕಳಿಗೆ ಎಲ್ಲರನ್ನೂ ಸಂಶಯಿಸುವುದನ್ನು ಕಲಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ನೋಡದೆ ನಂಬುವುದೂ ಬೇಡ, ನೋಡದೆ ತಳ್ಳಿಹಾಕುವುದೂ ಬೇಡ. ತೂಗಿ, ಹೋಲಿಸಿ, ಆಮೇಲೆ ತೀರ್ಮಾನಿಸುವ ತಾಳ್ಮೆಯನ್ನು ಕಲಿಸಬೇಕು.

ಶತಮಾನೋತ್ಸವದ ನೆನಪಿಗಾಗಿ ನಾವು ಹಳೆಯ ವಿದ್ಯಾರ್ಥಿಗಳು ಕೂಡಿ ಶಾಲೆಯ ಪ್ರಯೋಗಶಾಲೆಗೆ ಒಂದು ಸೂಕ್ಷ್ಮ ತಕ್ಕಡಿಯನ್ನೂ, ನಿಜವೆಂದು ಪರೀಕ್ಷಿಸಿದ ನಾಲ್ಕು ಬಗೆಯ ರೂಪಾಯಿಗಳನ್ನೂ, ಅವುಗಳ ಪಕ್ಕದಲ್ಲಿ ಹೋಲಿಕೆಗಾಗಿ ಖೊಟ್ಟಿಯವನ್ನೂ ಒಪ್ಪಿಸುತ್ತಿದ್ದೇವೆ. ಖೊಟ್ಟಿಯವುಗಳ ಮೇಲೆ ಆ ಮಾತನ್ನು ಕೊರೆದು ಬರೆಸಿದೆ. ಎಂಟು, ಒಂಬತ್ತನೆಯ ಇಯತ್ತೆಯ ಮಕ್ಕಳು ಪ್ರತಿವರುಷ ಈ ಪ್ರಯೋಗವನ್ನು ತಮ್ಮ ಕೈಯಿಂದ ಮಾಡಲಿ. ಪಾಲಕರು ತಮ್ಮ ಗಂಟಿನ ನಾಣ್ಯಗಳನ್ನು ತಂದರೆ ಮಕ್ಕಳೇ ತೂಗಿ ತೋರಿಸಲಿ. ಬೆಲೆ ಕಟ್ಟುವುದು ಶಾಲೆಯ ಕೆಲಸವಲ್ಲ, ಅಳೆದು ಹೇಳುವುದಷ್ಟೇ ಅದರ ಕೆಲಸ. ಇಂದು ಸಭೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ತಕ್ಕಡಿಯೂ ನೀರೂ ಸಿದ್ಧವಿವೆ. ಮೊದಲ ನಾಣ್ಯವನ್ನು ಯಾರು ತಂದಿದ್ದೀರೋ ಬನ್ನಿರಿ.